ಕೈಯದ್ದಬಹುದಾದ ಬಿಸಿಯಲ್ಲಿ ಕುದಿದ ನೀರು

ಮೊನ್ನೆ ಲ್ಯಾಪ್‌ಟಾಪ್ ರಿಪೇರಿಯ ಭಯ್ಯಾ ಅದರ ಬೆನ್ನು ಬಿಚ್ಚಿ, ಒಳಗಿದ್ದ ಚಪ್ಪಟೆ ತಾಮ್ರದ ಕೊಳವೆ ತೋರಿಸಿದ. ಬಿಸಿಯನ್ನು ಹೊರಹಾಕುವುದು ಅದೇ ಅಂತೆ. “ಅದರೊಳಗೆ ನೀರಿದೆ” ಎಂದೆ. ಅವನು ನಕ್ಕ. ನಗಲಿ ಬಿಡಿ, ಮಾಲಿನಿ ನಮ್ಮ ಮನೆಯಲ್ಲಿ ಇದ್ದಿರದಿದ್ದರೆ ನಾನೂ ನಗುತ್ತಿದ್ದೆ.

ಮಾಲಿನಿ ನನ್ನ ತಂಗಿಯ ಮಗಳು. ಹೌಜ್ ಖಾಸ್ ಕಡೆಯ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿನಲ್ಲೇ ಇದ್ದಳು. ಕೊಳವೆಯೊಂದರ ಗಾಳಿ ತೆಗೆದು, ಚೂರು ನೀರು ಬಿಟ್ಟು, ಬಾಯಿ ಮುಚ್ಚಿಬಿಡುವುದು; ಕೆಳಗೆ ಕಾಯಿಸಿದರೆ ನೀರು ಆವಿಯಾಗಿ ಮೇಲೇರಿ, ಬಿಸಿಯನ್ನು ಅಲ್ಲಿ ಬಿಟ್ಟು, ತಣಿದು ಇಳಿಯುತ್ತದೆ. ಅವಳ ವಿಷಯ ಇಷ್ಟೇ.

“ಇಡ್ಲಿ ಪಾತ್ರೆ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತಲ್ಲ, ಹಾಗಾ?” ಎಂದಿದ್ದೆ. ಸರ್ಕಾರಿ ಕಡತ ಬಿಟ್ಟರೆ ನನಗೆ ಗೊತ್ತಿದ್ದುದು ಅಡುಗೆಮನೆಯೊಂದೇ.

“ಅಚ್ಛಾ, ಹಾಗೇ ಅಂದ್ಕೊಳ್ಳಿ ದೊಡ್ಡಮ್ಮ.”

ಆದರೆ ಅವಳ ತಾಮ್ರದ ಕೊಳವೆಯ ಬಿಸಿ ಮೆಲ್ಲಗೆ ಏರುತ್ತ ಹೋಗಿ ಇದ್ದಕ್ಕಿದ್ದಂತೆ ಕುಸಿಯುತ್ತಿತ್ತು. ಒಳಗಿನಿಂದ ಟಕ್ ಎಂಬ ಸದ್ದು. ಅಳತೆಯೇ ತಪ್ಪು, ಎರಡು ವರ್ಷದ ಲೆಕ್ಕ ಬಿಟ್ಟು ಹೊಸದಾಗಿ ಶುರುಮಾಡು ಎಂದರಂತೆ ಅವಳ ಗೈಡ್. ಅಂದು ಅವಳು ಊಟಕ್ಕೇಳಲಿಲ್ಲ.

“ನೀರೇ ಹಾಗೆ ಮಾಡ್ತಿದೆ ದೊಡ್ಡಮ್ಮ. ಗಾಜಿನ ಕೊಳವೆ ಮಾಡಿಸ್ತೀನಿ, ಅವರೇ ಕಣ್ಣಾರೆ ನೋಡಲಿ.”

ಎರಡು ಕೊಳವೆ ಬಿರುಕುಬಿಟ್ಟವು. ಮೂರನೆಯದು ಬಂದಾಗ, ಒಬ್ಬಳೇ ನೋಡಲು ಭಯವೆಂದು ಭಾನುವಾರ ಬೆಳಿಗ್ಗೆ ನನ್ನನ್ನೂ ಲ್ಯಾಬಿಗೆ ಕರೆದುಕೊಂಡು ಹೋದಳು. ಕೊಳವೆಯ ಬುಡ ಬೆಚ್ಚನೆಯ ನೀರಿನಲ್ಲಿತ್ತು. ಬೆರಳದ್ದಿ ನೋಡಿದೆ, ಮಗುವಿಗೆ ಎರೆಯುವಷ್ಟು ಬಿಸಿ. ತುದಿಗೆ ಐಸ್ ಕಟ್ಟಿದ ಬಟ್ಟೆ. ಒಳಗಿನ ನೀರು ಮಿಸುಕಲಿಲ್ಲ. ಕಾದೆವು, ಕಾದೆವು.

“ಚಲೋ, ಆಗಲ್ಲ ಬಿಡಿ” ಎಂದು ಅವಳು ಆಚೆ ತಿರುಗಿದಳು.

“ಮಾಲಿನೀ!”

ತಳದಲ್ಲಿ ಗುಳ್ಳೆಯೊಂದು ಹುಟ್ಟಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೊಳವೆಯಗಲ ಹಿಗ್ಗಿ, ಇದ್ದ ನೀರನ್ನೆಲ್ಲ ತುದಿಗೆ ಎಸೆಯಿತು. ಟಕ್! ನೀರು ಜಾರಿ ಬಂದು, ಏನೂ ಆಗಿಲ್ಲವೆಂಬಂತೆ ಸುಮ್ಮನಾಯಿತು. ಸ್ವಲ್ಪ ಹೊತ್ತು ಬಿಸಿ ಕೂಡಿಟ್ಟುಕೊಂಡು ಮತ್ತೆ ಟಕ್; ತಾಮ್ರದ ಕೊಳವೆಯ ಬಿಸಿ ಏರಿ ಕುಸಿಯುತ್ತಿದ್ದುದು ಹೀಗೇ. ಬೆಂಕಿಯಿಲ್ಲ, ಹಬೆಯಿಲ್ಲ, ಒಳಗೆ ಅದುಮಿಡುವ ಗಾಳಿಯಿಲ್ಲದ್ದಕ್ಕೆ ಕೈಯದ್ದಬಹುದಾದ ಬಿಸಿಗೇ ನೀರು ಕುದಿಯುತ್ತಿತ್ತು. ಮಾಲಿನಿ ನನ್ನ ತೋಳು ಹಿಡಿದು ಅಳುತ್ತಿದ್ದಳು.

ಮರುದಿನ ಗೈಡ್ ಕುರ್ಚಿ ಎಳೆದು ಕೂತು, ಏಳು ಸಲ ನೋಡಿದರಂತೆ. ಆಮೇಲೆ, “ತಪ್ಪು ನನ್ನದು. ಇದನ್ನೇ ಬರಿ” ಎಂದರಂತೆ.

ದಿನಾ ಒಲೆಯ ಮುಂದೆ ನಿಂತವಳು ನಾನು. ನೀರು ಕುದಿಯುವುದನ್ನು ನಿಜವಾಗಿ ಕಂಡದ್ದು ಆ ಭಾನುವಾರವೇ. ಈಗ ಚಹಾಕ್ಕೆ ನೀರಿಟ್ಟರೆ ಆಚೀಚೆ ಹೋಗುವುದಿಲ್ಲ. ಮೊದಲ ಗುಳ್ಳೆಗೆ ಕಾಯುತ್ತೇನೆ. ಒಮ್ಮೊಮ್ಮೆ ಪುಡಿ ಹಾಕುವುದೇ ಮರೆತು, ನೀರೆಲ್ಲ ಬತ್ತಿಹೋಗುತ್ತದೆ.