ಹೆಸರು ಬರೆಯದ ತಟ್ಟೆ

ಥೆಮೆಲಿನಾ ಅಂಗಳದ ಮೇಜಿನ ಮೇಲೆ ಗೋಧಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಅಕ್ಟೋಬರ್ ಕೊನೆಯ ಬಿಸಿಲು ಗೋಡೆಯ ಅರ್ಧದವರೆಗೆ ಇಳಿದಿತ್ತು. ಕೆಳಗೆ ಬಂದರಿನಲ್ಲಿ ಕೋಸ್ ದ್ವೀಪಕ್ಕೆ ಹೋಗುವ ಬೆಳಗಿನ ದೋಣಿ ಸೀಟಿ ಹಾಕಿತು. ಆಕೆ ತಲೆ ಎತ್ತಲಿಲ್ಲ. ಮೇಲಿನ ಕೇರಿಯ ದರ್ಜಿ ತೀರಿಕೊಂಡು ಶನಿವಾರಕ್ಕೆ ನಲವತ್ತು ದಿನ. ಈ ಗೋಧಿ ಅವನದು.

ಗ್ರೀಸಿನ ಈ ಕಾಲಿಮ್ನೊಸ್ ದ್ವೀಪದಲ್ಲಿ ಯಾರಾದರೂ ಸತ್ತರೆ ಮನೆಯವರು ಮೊದಲು ಪಾದ್ರಿಯ ಹತ್ತಿರ ಹೋಗುತ್ತಾರೆ, ಆಮೇಲೆ ಥೆಮೆಲಿನಾಳ ಬಾಗಿಲಿಗೆ ಬರುತ್ತಾರೆ. ಸತ್ತವರಿಗಾಗಿ ಮಾಡುವ ಕೋಲಿವಾ ಆಕೆಯ ಕೈಯಲ್ಲಿ ಆಗುವಂತೆ ಬೇರೆಯವರ ಕೈಯಲ್ಲಿ ಆಗುವುದಿಲ್ಲ. ಗೋಧಿಯನ್ನು ಕಾಳು ಒಡೆಯದೆ ಮೆತ್ತಗಾಗುವ ಹದಕ್ಕೆ ಬೇಯಿಸಿ, ಬಿಳಿ ಬಟ್ಟೆಯ ಮೇಲೆ ಇಡೀ ರಾತ್ರಿ ಆರಿಸುತ್ತಾಳೆ. ದಾಳಿಂಬೆ, ಒಣದ್ರಾಕ್ಷಿ, ಬಾದಾಮಿ, ಹುರಿದ ಎಳ್ಳು, ದಾಲ್ಚಿನ್ನಿ ಬೆರೆಸಿ ತಟ್ಟೆಯಲ್ಲಿ ಗುಡ್ಡೆ ಮಾಡಿ, ಮೇಲೆ ಸಕ್ಕರೆ ಪುಡಿ ಉದುರಿಸಿ, ಕಾಗದದಿಂದ ಒತ್ತಿ ಸುಣ್ಣ ಬಳಿದ ಗೋಡೆಯಷ್ಟು ನುಣ್ಣಗೆ ಮಾಡುತ್ತಾಳೆ. ಕೊನೆಗೆ ಬೆಳ್ಳಿ ಬಣ್ಣದ ಮಿಠಾಯಿ ಗುಂಡುಗಳಿಂದ ಒಂದು ಶಿಲುಬೆ, ಅದರ ಕೆಳಗೆ ಸತ್ತವರ ಹೆಸರಿನ ಮೊದಲ ಅಕ್ಷರ. ಚರ್ಚಿನಲ್ಲಿ ಪಾದ್ರಿ ಹೆಸರು ಓದಿದ ಮೇಲೆ ಎಲ್ಲರಿಗೂ ಹಂಚುತ್ತಾರೆ. ತಿಂದವರು ಆ ಹೆಸರು ಹೇಳಿ, "ದೇವರು ಕ್ಷಮಿಸಲಿ" ಎನ್ನುತ್ತಾರೆ. ಅಲ್ಲಿಗೆ ಸತ್ತವನು ಸತ್ತವರ ಲೆಕ್ಕಕ್ಕೆ ಸೇರಿದ ಹಾಗೆ.

ಥೆಮೆಲಿನಾ ತನ್ನ ತಂದೆಗೆ ಮಾಡಿದ್ದಾಳೆ. ಆತ ಸ್ಪಂಜು ತೆಗೆಯಲು ಕಡಲಿಗೆ ಇಳಿಯುತ್ತಿದ್ದವನು. ಆಳದಿಂದ ಅವಸರದಲ್ಲಿ ಮೇಲೆ ಬಂದು, ಎರಡೂ ಕಾಲಿನ ಸ್ವಾಧೀನ ತಪ್ಪಿ, ಕಿಟಕಿಯ ಪಕ್ಕ ಕೂತೇ ಮುದುಕನಾದ. ಈ ಕೆಲಸ ಕಲಿಸಿದ ತಾಯಿಗೆ ಮಾಡಿದ್ದಾಳೆ. ಗಂಡ ಪಾಂದೆಲಿಸ್‌ಗೆ ಮಾಡಿದ್ದಾಳೆ. ಮಗ ನೊಮಿಕೊಸ್‌ಗೆ ಮಾತ್ರ ಮಾಡಿಲ್ಲ.

ನೊಮಿಕೊಸ್ ಕತ್ತಿಮೀನು ಹಿಡಿಯುವ ದೋಣಿಯಲ್ಲಿದ್ದ. ಏಳು ವರ್ಷದ ಹಿಂದೆ, ಜನವರಿಯಲ್ಲಿ, ಕ್ರೀಟ್‌ನ ದಕ್ಷಿಣಕ್ಕೆ ಆ ದೋಣಿ ಬಿರುಗಾಳಿಗೆ ಸಿಕ್ಕಿತು. ಇಬ್ಬರ ಹೆಣ ಸಿಕ್ಕಿತು. ದೋಣಿಯ ಒಂದು ಹಲಗೆ ಸಿಕ್ಕಿತು. ಅವನು ಸಿಗಲಿಲ್ಲ. ಕಡಲು ಹೆಣ ಕೊಡುವ ತನಕ ತಾನು ಗೋಧಿ ಬೇಯಿಸುವುದಿಲ್ಲ ಎಂದು ಥೆಮೆಲಿನಾ ಪಾದ್ರಿಯ ಮುಖಕ್ಕೇ ಹೇಳಿದಳು. ಹಾಗೆ ಹೇಳಲು ಕಾರಣವಿತ್ತು. ಆಕೆ ಚಿಕ್ಕವಳಿದ್ದಾಗ ಸ್ಪಂಜು ತೆಗೆಯಲು ಆಫ್ರಿಕಾದ ಕಡಲಿಗೆ ಹೋಗಿ ಹಿಂತಿರುಗದ ಗಂಡಸರ ಮನೆಗಳಲ್ಲಿ ಹೆಣದ ಬದಲು ಕೋಲಿವಾದ ತಟ್ಟೆಯನ್ನೇ ಹೊತ್ತು ಸ್ಮಶಾನದವರೆಗೆ ನಡೆಯುತ್ತಿದ್ದರು. ತಟ್ಟೆ ಹೊತ್ತ ಮೇಲೆ ಯಾವ ತಾಯಿಯೂ ಬಂದರಿನ ಕಡೆ ನೋಡುತ್ತಾ ನಿಂತದ್ದನ್ನು ಆಕೆ ಕಂಡಿರಲಿಲ್ಲ.

ಹೀಗಾಗಿ ಪಾದ್ರಿ ಪಾಪಾ ಸಾವ್ವಾಸ್ ಪ್ರತಿ ಭಾನುವಾರದ ಪ್ರಾರ್ಥನೆಯಲ್ಲಿ ನೊಮಿಕೊಸ್‌ನ ಹೆಸರನ್ನು ಸತ್ತವರ ಜೊತೆ ಅಲ್ಲ, ಬದುಕಿರುವವರ ಜೊತೆ ಓದುತ್ತಿದ್ದರು. ಓದುವಾಗ ಅವರ ದನಿ ಸ್ವಲ್ಪ ಇಳಿಯುತ್ತಿತ್ತು.

ಇದರ ಭಾರವನ್ನು ಹೊತ್ತವಳು ಸೊಸೆ ಸೆವಾಸ್ತಿ. ಗಂಡ ಹೋದಾಗ ಅವಳಿಗೆ ಇಪ್ಪತ್ತೊಂಬತ್ತು, ಮಕ್ಕಳಿರಲಿಲ್ಲ. ವಿಧವೆಯಲ್ಲದ ಕಾರಣ ಕಪ್ಪು ಬಟ್ಟೆ ಹಾಕುವಂತಿರಲಿಲ್ಲ. ಮದುವೆಗಳಲ್ಲಿ ಕುಣಿಯುವಂತೆಯೂ ಇರಲಿಲ್ಲ. ಏಳು ವರ್ಷವೂ ಬೂದು ಬಣ್ಣದ ಉಡುಪಿನಲ್ಲೇ ಓಡಾಡಿದಳು. ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿರುವ ಅಕ್ಕ ತಿಂಗಳಿಗೊಮ್ಮೆ ಫೋನ್ ಮಾಡಿ ಬಾ ಎನ್ನುತ್ತಿದ್ದಳು. ಸೆವಾಸ್ತಿ ಆ ಮಾತು ತೆಗೆದಾಗಲೆಲ್ಲ ಥೆಮೆಲಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಅವನು ವಾಪಸ್ ಬಂದು ಬಾಗಿಲು ತಟ್ಟಿದ್ರೆ ಯಾರು ತೆಗೀಬೇಕು?"

ಆ ಮಂಗಳವಾರ ಸೆವಾಸ್ತಿ ಮೆಟ್ಟಿಲು ಹತ್ತಿ ಬಂದು ಕೈಚೀಲ ಇಟ್ಟು, ಅತ್ತೆಯ ಎದುರು ಕೂತು ತಾನೂ ಗೋಧಿ ಆರಿಸತೊಡಗಿದಳು.

"ಗುರುವಾರ ಹಡಗು ಬರುತ್ತಂತೆ ಅಮ್ಮ. ಈ ವರ್ಷದ್ದು ಕೊನೇದು."

"ಬರಲಿ. ದ್ರಾಕ್ಷಿ ಎಲೆ ಉಪ್ಪುನೀರಲ್ಲಿದೆ."

ಪ್ರವಾಸಿಗರ ಸಣ್ಣ ಹಡಗು ಅದು. ನೇಪಲ್ಸ್‌ನಿಂದ ಹೊರಟು, ಸಿಸಿಲಿ, ಕ್ರೀಟ್ ಮುಗಿಸಿ, ಇಲ್ಲಿ ಒಂದು ಹಗಲು ನಿಂತು ಎಫೆಸಸ್‌ನ ಹಾಳುಕಂಬಗಳ ಕಡೆ ಹೋಗುತ್ತದೆ. ಪ್ರಯಾಣಿಕರು ಪ್ರಾಚೀನರು ಏನು ಕಟ್ಟಿದರು, ಏನು ತಿಂದರು ಎಂದು ನೋಡಲು ಬಂದವರು. ಅವರನ್ನು ಕರೆದುಕೊಂಡು ಬರುವವಳು ಅಥೆನ್ಸ್‌ನ ದಾನಾಯಿ. ಊರಿನಲ್ಲಿ ಅವಳ ಕೆಲಸಕ್ಕೆ ನೆರವಾಗುವವಳು ಸೆವಾಸ್ತಿ. ಮೂರು ಬೇಸಿಗೆಯಿಂದ ಆ ಜನ ಥೆಮೆಲಿನಾಳ ಅಂಗಳದಲ್ಲಿ ಕೂತು ದ್ರಾಕ್ಷಿ ಎಲೆಯ ಸುರುಳಿ, ಒಣರೊಟ್ಟಿ ನೆನೆಸಿದ ಟೊಮ್ಯಾಟೊ ಪಲ್ಯ ತಿಂದು ಹೋಗುತ್ತಿದ್ದರು.

"ಈ ಸಲ ಕೋಲಿವಾ ಬೇಕಂತೆ," ಎಂದಳು ಸೆವಾಸ್ತಿ.

ಥೆಮೆಲಿನಾಳ ಬೆರಳು ನಿಂತಿತು. "ಯಾರು ಸತ್ತರು?"

"ಯಾರೂ ಇಲ್ಲ. ರುಚಿ ನೋಡೋಕೆ. ಎರಡು ಸಾವಿರ ವರ್ಷದ ಹಿಂದೇನೂ ಇಲ್ಲಿಯವರು ಸತ್ತವರಿಗೆ ಧಾನ್ಯ ಬೇಯಿಸಿ ಇಡ್ತಿದ್ರಂತಲ್ಲ, ಅದನ್ನ ಹಡಗಿನಲ್ಲಿ ಇತಿಹಾಸ ಹೇಳೋ ಮೇಷ್ಟ್ರು ವಿವರಿಸ್ತಾರಂತೆ. ಆಮೇಲೆ ತಿಂತಾರೆ."

"ಸಾಯದೋರಿಗೆ ಕೋಲಿವಾ. ಇನ್ನು ಹುಟ್ಟದೋರಿಗೆ ತೊಟ್ಟಿಲು ತೂಗೋದೊಂದು ಬಾಕಿ."

"ದಾನಾಯಿ ಒಪ್ಪಿಕೊಂಡುಬಿಟ್ಟಿದ್ದಾಳೆ. ನೀವು ಆಗಲ್ಲ ಅಂದ್ರೆ ಮಸೂರಿ ಬೀಚ್ ಹತ್ರದ ಹೋಟೆಲ್ ಅಡುಗೆಯವನ ಕೈಲಿ ಮಾಡಿಸ್ತಾಳಂತೆ."

"ಯಾರು, ಆ ರೋಡ್ಸ್ ದ್ವೀಪದವನಾ? ಅವನು ಕೋಲಿವಾ ಮಾಡಲ್ಲ, ಗಂಜಿ ಮಾಡ್ತಾನೆ. ಬಿಸಿ ಗೋಧಿ ಮೇಲೆ ಸಕ್ಕರೆ ಹಾಕಿ, ನೀರೊಡೆದಾಗ ಮೇಲೊಂದು ಪುದೀನಾ ಸಿಕ್ಕಿಸ್ತಾನೆ."

"ಅದನ್ನೇ ನಾನೂ ಹೇಳ್ದೆ."

ಥೆಮೆಲಿನಾ ಒಂದು ಕಲ್ಲು ಆರಿಸಿ ಬಿಸಾಡಿದಳು. ತನ್ನ ದ್ವೀಪದ ಕೋಲಿವಾ ಎಂದು ಪರದೇಶದವರು ಗಂಜಿ ತಿಂದು ಹೋಗುವುದು ಆಕೆಗೆ ಸಹಿಸಲಾಗದ ಮಾತು. ಕಡೆಗೆ, "ಮಾಡ್ತೀನಿ," ಎಂದಳು. "ಆದರೆ ಶಿಲುಬೆ ಇಡಲ್ಲ, ಅಕ್ಷರ ಬರೆಯಲ್ಲ. ಬರೀ ಸಿಹಿತಿಂಡಿ ಅಂತ ತಿಂದು ಹೋಗಲಿ."

ದರ್ಜಿಯ ಗೋಧಿಯನ್ನು ಬೇರೆ ಕಟ್ಟಿಟ್ಟು, ಬುಧವಾರ ಹಡಗಿನವರ ಪಾಲಿನದನ್ನು ಬೇಯಿಸಿದಳು. ಪಕ್ಕದ ಮನೆಯ ಕಲ್ಯೋಪಿ ಉಪ್ಪು ಕೇಳಲು ಬಂದವಳು ಒಲೆಯ ಮೇಲಿನ ಪಾತ್ರೆ ನೋಡಿ ಬಾಗಿಲಲ್ಲೇ ನಿಂತಳು.

"ದರ್ಜಿಗೆ ಇಷ್ಟು ಬೇಗ ಬೇಯಿಸ್ತಿದ್ದೀಯಾ? ಹುಳಿ ಹಿಡಿಯುತ್ತೆ ಕಣೆ."

"ಇದು ಹಡಗಿಗೆ. ಯಾರ ಹೆಸರೂ ಇಲ್ಲ."

ಕಲ್ಯೋಪಿ ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡಳು. "ನಿಮ್ಮಮ್ಮ ಅಕ್ಷರ ಇಲ್ಲದ ತಟ್ಟೇನ ಒಂದು ಸಲಾನೂ ಹೊಸಲು ದಾಟಿಸಲಿಲ್ಲ. ಖಾಲಿ ತಟ್ಟೆ ತನ್ನ ಮೇಲೆ ಮೊದಲು ಬಿದ್ದ ಹೆಸರನ್ನ ಹಿಡ್ಕೊಳ್ಳುತ್ತೆ ಅಂತಿದ್ದರು. ನಿಮ್ಮಮ್ಮಂದೇ ಹೆಸರು ಹಾಕಿಬಿಡು. ಹೋದೋರು, ಅವರಿಗೇನೂ ಆಗಲ್ಲ."

"ಹಡಗಿನೋರು ಫೋಟೋ ಹೊಡ್ಕೊಂಡು ತಿನ್ನೋದಕ್ಕೆ ನಮ್ಮಮ್ಮನ ಹೆಸರಾ? ಉಪ್ಪು ಅಲ್ಲಿದೆ, ತಗೋ."

ಕಲ್ಯೋಪಿ ಉಪ್ಪು ತೆಗೆದುಕೊಂಡು ಹೋದಳು. ಥೆಮೆಲಿನಾ ಗೋಧಿ ಬಸಿದು ಬಟ್ಟೆಯ ಮೇಲೆ ಹರಡಿದಳು. ಬೆಳಿಗ್ಗೆ ಕೈಯಿಟ್ಟು ನೋಡಿದಾಗ ಕಾಳು ಅಂಟದೆ ಉದುರಾಗಿತ್ತು. ಸಕ್ಕರೆ ಒತ್ತಿ ನುಣ್ಣಗೆ ಮಾಡಿ, ಅಂಚಿಗೆ ಬಾದಾಮಿ ಇಟ್ಟು, ನಡುವೆ ಬೆಳ್ಳಗೆ ಖಾಲಿ ಬಿಟ್ಟಳು.

ಗುರುವಾರ ಹನ್ನೊಂದಕ್ಕೆ ಅವರು ಬಂದರು. ಸುಮಾರು ಮೂವತ್ತು ಜನ, ಹೆಚ್ಚಿನವರು ವಯಸ್ಸಾದವರು, ಹುಲ್ಲಿನ ಟೋಪಿ, ಮೆತ್ತನೆ ಬೂಟು. ಮೆಟ್ಟಿಲು ಹತ್ತಿ ಸುಸ್ತಾದವರಿಗೆ ಸೆವಾಸ್ತಿ ನೀರು ಕೊಟ್ಟಳು. ಎಲೆಯ ಸುರುಳಿ ತಿಂದು ಮುಗಿಸಿದ ಮೇಲೆ ಹಡಗಿನ ಮೇಷ್ಟರು ಎದ್ದು ನಿಂತು ಧಾನ್ಯದ ದೇವತೆ, ಪಾತಾಳಕ್ಕೆ ಹೋದ ಅವಳ ಮಗಳು, ಮಣ್ಣಲ್ಲಿ ಹುಗಿದ ಬೀಜ ಎಂದೆಲ್ಲ ಹೇಳಿದರು. ಹೇಳಿದ್ದು ಚೆನ್ನಾಗಿತ್ತು ಎಂದು ಸೆವಾಸ್ತಿಗೆ ಅನ್ನಿಸಿತು. ಥೆಮೆಲಿನಾಗೆ ಭಾಷೆ ಅರ್ಥವಾಗಲಿಲ್ಲ. ಆಕೆ ತಟ್ಟೆಯ ಪಕ್ಕ ದೊಡ್ಡ ಚಮಚ ಹಿಡಿದು ನಿಂತಿದ್ದಳು. ಒಬ್ಬಾತ ಇದನ್ನು ಗೋಧಿ ಇಲ್ಲದೆ ಮಾಡಲು ಬರುತ್ತದೆಯೇ ಎಂದು ಕೇಳಿದ. ದಾನಾಯಿ ಆ ಪ್ರಶ್ನೆಯನ್ನು ಗ್ರೀಕಿಗೆ ತರಲಿಲ್ಲ.

ಥೆಮೆಲಿನಾ ಚಮಚದಿಂದ ಸಕ್ಕರೆಯ ಪದರ ಒಡೆದು, ಎಲ್ಲ ಕಲಸಿ, ಸಣ್ಣ ಕಾಗದದ ಬಟ್ಟಲುಗಳಿಗೆ ಹಾಕಿದಳು. ಸೆವಾಸ್ತಿ ಹಂಚಿದಳು. ಜನ ತಿನ್ನಲು ಅಣಿಯಾದರು. ಮುಂದಿನ ಸಾಲಿನಲ್ಲಿದ್ದ ಡೆನ್ಮಾರ್ಕಿನ ಹೆಂಗಸೊಬ್ಬಳು ಚಮಚ ಎತ್ತಿದವಳು ಹಾಗೇ ನಿಲ್ಲಿಸಿ ದಾನಾಯಿಯನ್ನು ಏನೋ ಕೇಳಿದಳು. ಅವಳ ಕೊರಳಲ್ಲಿ ಎರಡು ಮದುವೆಯುಂಗುರಗಳು, ಅವಳದೂ ಗಂಡನದೂ, ಒಂದೇ ಸರದಲ್ಲಿದ್ದವು.

ದಾನಾಯಿ ಗ್ರೀಕಿನಲ್ಲಿ ತಿರುಗಿ ಕೇಳಿದಳು: "ಥೆಮೆಲಿನಾ ಅಮ್ಮ, ಇದು ಯಾರ ನೆನಪಿಗೆ ಅಂತ ಕೇಳ್ತಿದ್ದಾರೆ. ಹೆಸರು ಗೊತ್ತಿಲ್ಲದೆ ತಿನ್ನೋದು ಸರಿಯಲ್ಲ ಅಂತಾರೆ."

"ಯಾರದೂ ಅಲ್ಲ ಅಂತ ಹೇಳಮ್ಮ."

"ಯಾವುದಾದ್ರೂ ಒಂದು ಹೆಸರು ಹೇಳಿಬಿಡಿ. ಪಾಪ, ಕಾಯ್ತಿದ್ದಾರೆ."

ಥೆಮೆಲಿನಾ ಬಾಯಿ ತೆರೆದಳು. ಯಾವ ಹೆಸರು ಹೇಳಬೇಕೆಂದು ಆಕೆ ಯೋಚಿಸುತ್ತಿರುವಾಗಲೇ ಅಂಗಳದ ಆ ತುದಿಯಿಂದ, ಬಟ್ಟಲು ಹಂಚಿ ಮುಗಿದ ಟ್ರೇ ಹಿಡಿದಿದ್ದ ಸೆವಾಸ್ತಿ ಹೇಳಿದಳು.

"ನೊಮಿಕೊಸ್."

ದನಿ ದೊಡ್ಡದಿರಲಿಲ್ಲ. ದಾನಾಯಿ ಅದನ್ನು ಎತ್ತಿಕೊಂಡಳು. ತಿನ್ನುವಾಗ ಈ ದ್ವೀಪದವರು ಏನನ್ನುತ್ತಾರೆ ಎಂದು ಹೇಳಿಕೊಟ್ಟಳು, ಒಂದೊಂದೇ ಪದ ಬಿಡಿಸಿ. ಮೂವತ್ತು ಜನ ಮೂವತ್ತು ಬಗೆಯಲ್ಲಿ, ನಾಲಿಗೆ ತೊಡರಿದಾಗ ನಗುತ್ತಾ, ಒಟ್ಟಿಗೆ ಹೇಳಿದರು: ನೊಮಿಕೊಸ್‌ನನ್ನು ದೇವರು ಕ್ಷಮಿಸಲಿ. ಡೆನ್ಮಾರ್ಕಿನವಳು ಮಾತ್ರ ನಗದೆ ಹೇಳಿದಳು. ಆಮೇಲೆ ತಿಂದರು. ಬಹಳ ಚೆನ್ನಾಗಿದೆ ಎಂದು ದಾನಾಯಿಗೆ ಹೇಳಿದರು.

ಥೆಮೆಲಿನಾ ಚಮಚ ಕೆಳಗಿಡಲಿಲ್ಲ. ಕೋಲಿವಾ ಒಡೆದ ಮೇಲೆ ಹಂಚದೆ ನಿಲ್ಲಿಸುವಂತಿಲ್ಲ. ಇನ್ನೂ ಕೇಳಿದವರಿಗೆ ಇನ್ನೂ ಹಾಕಿದಳು. ಮೇಲಿನ ಗೋಡೆಯಾಚೆ ಕಲ್ಯೋಪಿ ಬಟ್ಟೆ ಒಣಹಾಕುತ್ತಿದ್ದಳು. ಒಂದು ಅಂಗಿ ಕೈಯಲ್ಲಿ ಹಾಗೇ ಉಳಿದಿತ್ತು. ಊರಿಗೆ ಹೇಳಲು ಆ ಒಬ್ಬಳು ಸಾಕು.

ಜನ ಇಳಿದು ಹೋದ ಮೇಲೆ ಅಂಗಳದಲ್ಲಿ ಕಾಗದದ ಬಟ್ಟಲುಗಳು ಉಳಿದವು. ಸೆವಾಸ್ತಿ ಅವನ್ನು ಒಂದರೊಳಗೊಂದು ಸೇರಿಸುತ್ತಿದ್ದಳು.

"ಮೊದಲೇ ಅಂದ್ಕೊಂಡಿದ್ದೆಯಾ?" ಎಂದು ಥೆಮೆಲಿನಾ ಕೇಳಿದಳು.

"ಇಲ್ಲ."

"ಸತ್ಯ ಹೇಳು."

"ಮಂಗಳವಾರ ಅಂದ್ಕೊಂಡಿರಲಿಲ್ಲ ಅಮ್ಮ. ಬೆಳಿಗ್ಗೆ ಆ ಖಾಲಿ ಸಕ್ಕರೆ ನೋಡಿದೆ. ಆಗಿನಿಂದ ಬೇರೆ ಹೆಸರು ಬಾಯಿಗೆ ಬರಲಿಲ್ಲ."

"ನಾನು ನನ್ನ ಕೈಯಾರೆ ಬೇಯಿಸ್ದೆ."

"ಹೌದು."

"ಕಾಳು ಒಂದೂ ಒಡೀಲಿಲ್ಲ. ಅವನಿಗೆ ಅಂತ ಗೊತ್ತಿದ್ರೆ ಹಾಳು ಮಾಡಿರ್ತಿದ್ದೆ."

ಸೆವಾಸ್ತಿ ಬಟ್ಟಲುಗಳನ್ನು ಮೇಜಿನ ಮೇಲಿಟ್ಟಳು. "ನನಗೆ ಹೊಡೀಬೇಕು ಅನ್ನಿಸಿದ್ರೆ ಹೊಡೀರಿ."

"ಹೊಡೆದ್ರೆ ಮಾತು ವಾಪಸ್ ಬರುತ್ತಾ? ಮೂವತ್ತು ಬಾಯಿ. ಒಬ್ಬರಿಗೂ ಅವನ ಮುಖ ಗೊತ್ತಿಲ್ಲ."

ತಟ್ಟೆಯ ಅಂಚಿನಲ್ಲಿ ಒಂದು ಹಿಡಿಯಷ್ಟು ಉಳಿದಿತ್ತು. ಉಳಿದದ್ದನ್ನು ಕಸಕ್ಕೆ ಹಾಕುವಂತಿಲ್ಲ. ಮನೆಯವರು ತಿನ್ನಬೇಕು, ಇಲ್ಲವೇ ಹಕ್ಕಿಗಳಿಗೆ ಹಾಕಬೇಕು. ಸೆವಾಸ್ತಿ ಅದರಲ್ಲಿ ಅರ್ಧ ತೆಗೆದುಕೊಂಡು ತಿಂದಳು. ತುಟಿಯಲ್ಲೇ ಆ ಮಾತು ಹೇಳಿದಳು; ಏಳು ವರ್ಷದಲ್ಲಿ ಮೊದಲ ಸಲ, ಅತ್ತೆಯ ಎದುರು. ಥೆಮೆಲಿನಾ ಉಳಿದರ್ಧವನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ನಾಲ್ಕು ಗಂಟೆಗೆ ಹಡಗು ಬಂದರು ಬಿಟ್ಟಾಗ ಆಕೆ ಆ ಕಡೆಗೆ ಬೆನ್ನು ಹಾಕಿ ಕೂತು ದಾಳಿಂಬೆಯ ಸಿಪ್ಪೆ ಗುಡಿಸುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಆಕೆ ಚರ್ಚಿಗೆ ಹೋದಳು. ಪಾಪಾ ಸಾವ್ವಾಸ್ ದೀಪಗಳಿಗೆ ಎಣ್ಣೆ ಹಾಕುತ್ತಿದ್ದರು. ಕಲ್ಯೋಪಿಯ ಮಾತು ಆಗಲೇ ಅವರನ್ನು ಮುಟ್ಟಿತ್ತು.

"ನಾಳೆ ದರ್ಜಿ ಜೊತೆ ಇನ್ನೊಂದು ಹೆಸರು ಓದಬೇಕು, ಅಯ್ಯ," ಎಂದಳು.

"ಪರದೇಶದವರು ಗೊತ್ತಿಲ್ಲದೆ ಅಂದ ಮಾತು, ಥೆಮೆಲಿನಾ. ಚರ್ಚಿನಲ್ಲಿ ಆಗಿದ್ದಲ್ಲ. ನೀನು ಬೇಡ ಅಂದ್ರೆ ನಾನು ಭಾನುವಾರ ಮೊದಲಿನ ಹಾಗೇ ಓದ್ತೀನಿ."

"ತಿಂದರಲ್ಲ, ಅಯ್ಯ. ನಾನೂ ತಿಂದೆ."

ಅವರು ಎಣ್ಣೆಯ ಪಾತ್ರೆ ಕೆಳಗಿಟ್ಟು ಆಗಲಿ ಎಂದು ತಲೆಯಾಡಿಸಿದರು.

ಮನೆಗೆ ಬಂದು ಥೆಮೆಲಿನಾ ದರ್ಜಿಯ ಗೋಧಿಗೆ ನೀರಿಟ್ಟಳು, ಪಕ್ಕದ ಒಲೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟಳು. ಶನಿವಾರ ಎರಡು ತಟ್ಟೆ ಚರ್ಚಿಗೆ ಹೋದವು, ಎರಡರ ಮೇಲೂ ಅಕ್ಷರವಿತ್ತು. ಸೆವಾಸ್ತಿ ಅಂದು ಕಪ್ಪು ಉಡುಪು ಹಾಕಿಕೊಂಡಳು. ಮಾರ್ಚ್‌ನಲ್ಲಿ ಅವಳು ಡಾರ್ವಿನ್‌ಗೆ, ಅಕ್ಕನ ಹತ್ತಿರ ಹೋದಳು.