ಬಾಂಬಿನ ವಿಮೆ ಮತ್ತು ದೇವಮ್ಮನ ಎಡಗೈ ಹೊಲಿಗೆ

ನನ್ನ ಕೌದಿಯನ್ನು ಪೊಲೀಸರು ಬಾಂಬ್ ಎಂದು ಹಿಡಿದರು.

ನಗಬೇಡಿ, ನಿಜ. ಹಳೆ ಸೀರೆ, ಹಳೆ ಧೋತರದ ತುಂಡು ಜೋಡಿಸಿ ಹೊಲಿದ ಹೊದಿಕೆ ಅದು. ಅದರ ಸುತ್ತ ಹಗ್ಗ ಕಟ್ಟಿ, ಜನರನ್ನು ದೂರ ಸರಿಸಿ, ನಾಯಿ ತಂದು ಮೂಸಿಸಿದರಂತೆ. ಲೋಹ ಹುಡುಕುವ ಮಷೀನು ಹಿಡಿದರೆ ನಟ್ಟನಡುವೆ ಕುಂಯ್ ಅಂದಿತಂತೆ. ಹೊಲಿದು ಮುಗಿಸಿದ ದಿನ ಕೂಡ ಯಾರೂ ಅದನ್ನು ಅಷ್ಟು ಗಮನ ಇಟ್ಟು ನೋಡಿರಲಿಲ್ಲ.

ಆದದ್ದು ಹೀಗೆ. ನನ್ನ ತಂಗಿ ದೇವಮ್ಮ ಸತ್ತು ಬಹಳ ವರ್ಷವಾಯಿತು. ಅವಳ ಮಗಳು ಸುಜಾತಾ ಸುರಪುರದ ಒಂದು ಆಫೀಸಿನಲ್ಲಿ ಕ್ಲರ್ಕ್. ದೂರದ ದೊಡ್ಡ ಊರಿನಲ್ಲಿ ಕೈಕೆಲಸದ ಬಟ್ಟೆ ಮಾರುವ ಒಬ್ಬ ಹೆಣ್ಣುಮಗಳು ಅವಳಿಗೆ ಪರಿಚಯ. ಅಂಗಡಿಯ ಗೋಡೆಗೆ ಹಾಕಲು ಒಂದು ಹಳೆ ಕೌದಿ ಬೇಕು, ಮಾರುವುದಿಲ್ಲ, ಎರಡು ತಿಂಗಳು ಇಟ್ಟು ವಾಪಸ್ ಕೊಡುತ್ತೇನೆ ಎಂದು ಆಕೆ ಕೇಳಿದಳು. ನಾನೂ ದೇವಮ್ಮನೂ ಕೂಡಿ ಹೊಲಿದ ಕಡೆಯ ಕೌದಿ ನನ್ನ ಬಳಿ ಇತ್ತು. ಕೊಟ್ಟೆ. ಯಾಕೆ ಕೊಟ್ಟೆ? ಜಂಬ. ಸಗರದಂಥ ಹಳ್ಳಿಯ ಮುದುಕಿಯ ಕೌದಿಯನ್ನು ಗಾಜಿನ ಬಾಗಿಲ ಅಂಗಡಿಯಲ್ಲಿ ಜನ ನಿಂತು ನೋಡುತ್ತಾರೆ ಎಂದರೆ ಯಾರಿಗೆ ಬೇಡ?

ತಿಂಗಳು ತುಂಬುವುದರೊಳಗೆ ಆ ಅಂಗಡಿಯ ಪಕ್ಕದ ಗಲ್ಲಿಯಲ್ಲಿ ಯಾರೋ ಬಾಂಬ್ ಇಟ್ಟರು. (ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಜನ ಸತ್ತಿದ್ದಾರೆ. ಅವರ ಮನೆಯವರ ಮುಂದೆ ಕೌದಿ ಕೌದಿ ಎಂದು ಅಳುವಷ್ಟು ನಾಚಿಕೆಗೆಟ್ಟವಳಲ್ಲ ನಾನು.) ಬೆಂಕಿ ಅಂಗಡಿಗೂ ಹತ್ತಿತು. ಆರಿಸಿದ ಮೇಲೆ ಬೂದಿಯಲ್ಲಿ ಪೊಲೀಸರಿಗೆ ಸಿಕ್ಕಿದ್ದು ಅರೆಬೆಂದ ಕೌದಿ, ಅದರ ನಡುವೆ ಒಂದು ಗಂಟು.

ಗಂಟಿನಲ್ಲಿ ಏನಿತ್ತು? ಒಂದು ಮುಷ್ಟಿ ಜೋಳ, ಒಂದು ತಾಮ್ರದ ಕಾಸು.

ಕೌದಿಯನ್ನು ಖಾಲಿ ಹೊಟ್ಟೆಯಲ್ಲಿ ಬಿಡಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ. ನಾಲ್ಕೂ ಅಂಚಿನಿಂದ ಹೊಲಿಯುತ್ತ ಬಂದು, ಕಡೆಗೆ ನಡುವೆ ಅಂಗೈಯಷ್ಟು ಜಾಗ ಉಳಿದಾಗ ಅದರೊಳಗೆ ಕಾಳು ಹಾಕಿ ಮುಚ್ಚುತ್ತೇವೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗೆ ಇಡುವುದಿಲ್ಲವಂತೆ. ಕಾಸು ಹಾಕುವ ಪದ್ಧತಿ ಇಲ್ಲ. ಅದು ದೇವಮ್ಮನ ಕಿತಾಪತಿ. "ಉಂಡ ಮ್ಯಾಲ ಎಲಿ ಅಡಿಕಿಗೆ ಬ್ಯಾಡೇನು ಅದಕ್ಕ?" ಅಂದಿದ್ದಳು. ಆ ಎಲೆ ಅಡಿಕೆಯ ಕಾಸಿಗೇ ಪೊಲೀಸರ ಮಷೀನು ಕೂಗಿದ್ದು.

ಹೋದ ವಾರ ವಿಮೆಯ ಸರ್ವೇಯರ್ ಸಗರಕ್ಕೆ ಬಂದ. ರಾಯಚೂರು ಕಡೆಯ ಹುಡುಗ, ಇಸ್ತ್ರಿ ಅಂಗಿ, ಕೈಯಲ್ಲಿ ಸೀಲು ಹಾಕಿದ ಪ್ಲಾಸ್ಟಿಕ್ ಚೀಲ. ಬೇರೆಯವರ ಮಾಲು ಅಂಗಡಿಯಲ್ಲಿದ್ದರೆ ಅದನ್ನೂ ನಷ್ಟದ ಪಟ್ಟಿಗೆ ಸೇರಿಸುತ್ತಾರಂತೆ. ಗುರುತು ಹಿಡಿದು, ಗಂಟಿನಲ್ಲಿ ಏನಿತ್ತು ಎಂದು ಹೇಳಿ, ನಾನು ಸಹಿ ಹಾಕಬೇಕು. ಸುಜಾತಾ ರಜೆ ಹಾಕಿ ಬಂದಿದ್ದಳು. ನಾನು ಮೂರನೇ ಇಯತ್ತೆವರೆಗೆ ಓದಿದವಳು, ಆ ಫಾರಮ್ಮಿನ ಸಾಸಿವೆಯಂಥ ಅಕ್ಷರ ಓದುವವರು ಬೇಕಲ್ಲ?

"ನಿಮ್ಮ ನಸೀಬು ಛಲೋ ಅದ ಅಜ್ಜಿ," ಅಂದ ಹುಡುಗ. "ಬರೇ ಬೆಂಕಿ ವಿಮಾ ಇದ್ದಿದ್ರ ಏನೂ ಸಿಗ್ತಿದ್ದಿಲ್ಲ. ಅಂಗಡಿ ಮೇಡಂ ಟೆರರಿಸಂ ಕವರ್, ಅಂದ್ರ ಬಾಂಬಿನ ವಿಮಾ, ಬ್ಯಾರೆ ತಗೊಂಡಾರ."

"ಯಾಕಪ, ಕೌದಿ ಸುಟ್ಟದ್ದು ಬೆಂಕಿಲೇ ಅಲ್ಲೇನು? ಬೆಂಕಿಗೂ ಜಾತಿ ಅದ ಏನು?"

"ಹಚ್ಚಿದವ್ರು ಯಾರು ಅನ್ನೂದರ ಮ್ಯಾಲ ಅದರಿ."

ಚಹಾ ಕುಡಿಯುತ್ತ ಬಿಡಿಸಿ ಹೇಳಿದ. ಹೊರದೇಶದಲ್ಲಿ ಒಂದು ದೊಡ್ಡ ಅನಾಹುತವಾದ ಮೇಲೆ ವಿಮೆ ಕಂಪನಿಗಳೇ ಅಂಜಿದವಂತೆ. ಬಾಂಬಿನ ನಷ್ಟ ಒಬ್ಬೊಬ್ಬರೇ ತುಂಬಿಕೊಟ್ಟರೆ ಮುಳುಗುತ್ತೇವೆ ಎಂದು ಎಲ್ಲರೂ ಒಂದೇ ಹುಂಡಿಗೆ ಹಾಕತೊಡಗಿದರಂತೆ. ಸರ್ಕಾರದ್ದೇ ಒಂದು ಕಂಪನಿ ಮುಂದೆ ನಿಂತು ಆ ಹುಂಡಿ ನೋಡಿಕೊಳ್ಳುತ್ತದಂತೆ.

ಇದು ನನಗೆ ಥಟ್ಟನೆ ತಿಳಿಯಿತು. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ ಎಂದು ಮುಯ್ಯಾಳು ಹೋಗುತ್ತೇವಲ್ಲ, ಅದೇ. ಕೋಟು ಹಾಕಿದವರೂ ಭಯಕ್ಕೆ ಬಿದ್ದರೆ ಮುಯ್ಯಿಗೆ ಬರುತ್ತಾರೆ.

ಆಮೇಲೆ ಚೀಲ ಬಿಚ್ಚಿದ.

ಮನೆಯೆಲ್ಲ ಸುಟ್ಟ ಬಟ್ಟೆಯ ಕಮಟು. ಕೌದಿ ಅರ್ಧ ಇಲ್ಲ. ಉಳಿದರ್ಧದ ಬಣ್ಣ ಹೊಗೆ ಹಿಡಿದು ಒಂದೇ ಆಗಿತ್ತು. ನಡುವಿನ ಹೊಟ್ಟೆಯನ್ನು ಪೊಲೀಸರು ಸೀಳಿದ್ದರು. ಕಾಳು ಹುರಿದು ಕರ್ರಗೆ. ಕಾಸು ಅವರ ಹತ್ತಿರವೇ ಉಳಿಯಿತು.

ಸುಜಾತಾ ನೆಲಕ್ಕೆ ಕುಳಿತು, ಉಳಿದ ಭಾಗವನ್ನು ಮಡಿಲಿಗೆ ಎಳೆದುಕೊಂಡಳು. ಹೊಲಿಗೆಯ ಮೇಲೆ ಕೈಯಾಡಿಸಿ "ಅವ್ವಾ, ಅವ್ವಾ" ಎಂದು ಅಳತೊಡಗಿದಳು. ಸರ್ವೇಯರ್ ಹುಡುಗ ಪಾಪ, ಚಹಾದ ಕಪ್ಪು ಕೆಳಗಿಟ್ಟು ಮುಖ ಆ ಕಡೆ ಮಾಡಿದ.

ನಾನು ಬಗ್ಗಿ ನೋಡಿದೆ.

"ಸಾಕು ಬಿಡು," ಅಂದೆ. "ಅದು ನಂದು. ನಿಮ್ಮವ್ವಂದು ಸುಟ್ಟದ."

ಒರಟುತನ ಎನ್ನುತ್ತೀರಿ. ಇರಬಹುದು. ಆದರೆ ತಂಗಿಯ ಹೆಸರಿನಲ್ಲಿ ನನ್ನ ಹೊಲಿಗೆಗೆ ಅಳುವುದನ್ನು ನೋಡುತ್ತ ಸುಮ್ಮನೆ ಕೂರಲೇ?

ದೇವಮ್ಮ ಎಡಚಿ. ನಾವಿಬ್ಬರೂ ಎದುರುಬದುರು ಕುಳಿತು ಹೊಲಿಯುತ್ತಿದ್ದೆವು, ಆ ಅಂಚಿನಿಂದ ಅವಳು, ಈ ಅಂಚಿನಿಂದ ನಾನು. ನನ್ನ ಹೊಲಿಗೆ ಬಲಕ್ಕೆ ವಾಲುತ್ತದೆ, ಅವಳದು ಎಡಕ್ಕೆ. ಅವಳ ಅತ್ತೆ ಎಷ್ಟು ಬೈದರೂ ಸೂಜಿ ಬಲಗೈಗೆ ಹೋಗಲೇ ಇಲ್ಲ. ಅವಳದು ಸಣ್ಣ ಹೊಲಿಗೆ, ಸಾಲು ಮಾತ್ರ ಸೊಟ್ಟ. ನನ್ನದು ನೆಟ್ಟಗೆ, ದಪ್ಪ. ದಿನವಿಡೀ ಅದೇ ಜಗಳ.

"ನಿನ್ನ ಸಾಲು ನೋಡಿದ್ರ ಕುಡುದವ ನಡದಂಗ ಅದ."

"ನಿನ್ನ ಹೊಲಿಗ್ಯಾಗ ಕೋಳಿಮರಿ ತೂರಿ ಹೋಗ್ತಾವಲ್ಲ ಅಕ್ಕ, ಅದನ್ನ ನೋಡ್ಕೊ."

ಆಗ ಸುಗ್ಗಿ ಮುಗಿದರೆ ಮಳೆ ಬೀಳುವವರೆಗೆ ಹೊಲದಲ್ಲಿ ಕೆಲಸವಿರಲಿಲ್ಲ. ಬೇವಿನ ಮರದ ಕೆಳಗೆ ಕೌದಿ ಹಾಸಿ ಕುಳಿತರೆ ಬಿಸಿಲು ಇಳಿಯುವವರೆಗೆ ಬಾಯಿ, ಕೈ ಎರಡೂ ನಡೆಯುತ್ತಿದ್ದವು. ಈ ಕೌದಿ ಶುರು ಮಾಡಿದ ವರ್ಷ ಕಾಲುವೆಗೆ ನೀರು ಬಿಟ್ಟರು. ಭತ್ತ ಬಂತು, ವರ್ಷಕ್ಕೆ ಎರಡು ಬೆಳೆ. ಸುಳ್ಳು ಹೇಳಬಾರದು, ಹೊಟ್ಟೆ ತುಂಬಿತು. ಆದರೆ ಸಸಿ ಹಚ್ಚುವುದು, ಕಳೆ ಕೀಳುವುದು, ಕೊಯ್ಯುವುದು, ಮತ್ತೆ ಸಸಿ. ಒಂದು ಬೇಸಿಗೆಯ ಕೌದಿ ಮೂರು ವರ್ಷ ಹಿಡಿಯಿತು. ಮುಗಿಸಿದ ವರ್ಷವೇ ಅವಳಿಗೆ ಜ್ವರ ಬಂತು. ನಾಲ್ಕು ದಿನ. ಶಹಾಪುರದ ದವಾಖಾನೆಯಲ್ಲಿ ಜೀವ ಹೋಯಿತು.

ಆಮೇಲೆ ನಾನು ಕೌದಿ ಹೊಲಿದಿಲ್ಲ. ಎದುರು ಕುಳಿತು ಬೈಯುವವರಿಲ್ಲದೆ ಹೇಗೆ ಹೊಲಿಯುವುದು? ಈಗಲೂ ಮಧ್ಯಾಹ್ನ ಬೇವಿನ ಕೆಳಗೆ ಕುಳಿತರೆ ಕಾಲು ತಾನೇ ಮಡಚಿಕೊಳ್ಳುತ್ತದೆ, ಎದುರಿನವರಿಗೆ ಜಾಗ ಬಿಡಲು. (ವಯಸ್ಸಾದ ಮೇಲೆ ಕಾಲಿಗೂ ಬುದ್ಧಿ ಇರುವುದಿಲ್ಲ.)

ಸುಜಾತಾ ಕಣ್ಣು ಒರೆಸಿಕೊಂಡಳು. "ಎಲ್ಲಾ ಹೋಯ್ತೇನು ಹಂಗಾರ?"

ಕೌದಿಯನ್ನು ಬಾಗಿಲ ಬೆಳಕಿಗೆ ಹಿಡಿದು ಸಾಲು ಸಾಲು ನೋಡಿದೆ. ಬಲ, ಬಲ, ಬಲ. ಎಲ್ಲ ನನ್ನದೇ ದಪ್ಪ ಹೊಲಿಗೆ.  ಸೀಳಿದ ಹೊಟ್ಟೆಯ ಆಚೆ, ಸುಟ್ಟ ಅಂಚಿಗಿಂತ ಈಚೆ, ಒಂದು ಗೇಣಗಲ ಉಳಿದಿತ್ತು. ಸಣ್ಣ ಹೊಲಿಗೆ. ಸೊಟ್ಟ ಸಾಲು. ಎಡಕ್ಕೆ.

"ಇಲ್ಲಿ ಅದಾಳ," ಅಂದೆ.

ಹುಡುಗ ಫಾರಂ ಮುಂದೆ ಮಾಡಿದ. "ಗುರ್ತ ಸಿಕ್ತಲ್ಲ ಅಜ್ಜಿ, ಸಹಿ ಹಾಕ್ರಿ. ಚೆಕ್ ಬರ್ತದ. ಕೌದಿ ನಾ ತಗೊಂಡು ಹೋಗ್ತೀನಿ."

"ಎಲ್ಲಿಗಿ?"

"ಪರಿಹಾರ ಕೊಟ್ಟ ಮ್ಯಾಲ ಉಳದ ಮಾಲು ಕಂಪನಿದು. ಸಾಲ್ವೇಜ್ ಅಂತಾರ. ರೂಲ್ ಅದ."

"ಈ ಸುಟ್ಟ ಚಿಂದಿ ಹೊಚ್ಕೊಂಡು ನಿಮ್ಮ ಕಂಪನಿ ಮಲಗ್ತದೇನು?"

"ನನ್ನ ಕೈಯಾಗ ಇಲ್ಲರಿ."

"ಈ ಗೇಣು ಕತ್ತರಿಸಿ ಕೊಡು. ಉಳದದ್ದು ಒಯ್ಯಿ, ಅದು ನನ್ನ ಹೊಲಿಗಿ, ಯಾರಿಗಿ ಬೇಕು?"

"ಹಂಗ ಕತ್ತರಸಾಕ ಬರಂಗಿಲ್ಲ. ಒಂದೋ ರೊಕ್ಕ, ಒಂದೋ ಕೌದಿ."

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಊರೂರು ತಿರುಗಿ ಸುಟ್ಟದ್ದನ್ನು ಬರೆದುಕೊಳ್ಳುವ ಕೆಲಸ ಅವನದು. ಆ ವಿಮೆಯ ಮೇಲೂ ಸಿಟ್ಟಿಲ್ಲ. ಅಂಗಡಿಯವಳು ಅದರಿಂದಲೇ ಮತ್ತೆ ಬಾಗಿಲು ತೆರೆಯುತ್ತಾಳೆ, ಅವಳ ಹತ್ತಿರ ಕೆಲಸ ಮಾಡುವ ಹೆಣ್ಣುಮಕ್ಕಳ ಒಲೆ ಉರಿಯುತ್ತದೆ. ಸರ್ಕಾರ ಬೆನ್ನಿಗೆ ನಿಂತ ಇಂಥ ಹುಂಡಿ ಇರಲೇಬೇಕು. ನನಗೆ ಬೇಕಾದದ್ದು ಅದರೊಳಗೆ ಇರಲಿಲ್ಲ, ಅಷ್ಟೇ.

ಸುಜಾತಾ ನನ್ನ ಕಿವಿಗೆ ಬಂದಳು. "ದೊಡ್ಡವ್ವ, ವಿಚಾರ ಮಾಡು. ಆ ರೊಕ್ಕದಾಗ ನಾಕು ಹೊಸಾ ಕೌದಿ ಬರ್ತಾವ."

"ನಾಕರಾಗ ಒಂದರ ಎಡಕ್ಕ ವಾಲ್ತದೇನು?"

 ನಾನೇ ಪೆನ್ನು ತೆಗೆದುಕೊಂಡೆ. 'ನನ್ನ ಕೌದಿಗೆ ಪರಿಹಾರ ಬೇಡ. ಕೌದಿ ಕೊಡಿ.' ಇಷ್ಟು ಬರೆಯಲು ಚಹಾ ತಣ್ಣಗಾಯಿತು. ಹುಡುಗ ಅಂಗಡಿಯವಳಿಗೆ ಫೋನು ಹಚ್ಚಿ, ಕೌದಿಯನ್ನು ಪಟ್ಟಿಯಿಂದ ತೆಗೆಯಲು ಒಪ್ಪಿಸಿ, ಅದರ ಫೋಟೊ ಹೊಡೆದುಕೊಂಡ. ಹೊಸ್ತಿಲು ದಾಟುವಾಗ ನಿಂತ. "ಇಷ್ಟು ವರ್ಷದಾಗ ರೊಕ್ಕ ಬ್ಯಾಡ ಅಂದವ್ರನ್ನ ನಾ ನೋಡಿಲ್ಲರಿ." ನಾನು ಹೇಳಿದೆ, "ನಾನೂ ನೋಡಿಲ್ಲಪ. ಹೋಗು, ಶಹಾಪುರ ಬಸ್ಸು ತಪ್ಪೀತು."

ಅವನು ಹೋದ ಮೇಲೆ ಸುಜಾತಾ ಹತ್ತಿರ ಸರಿದಳು. ಐದು ವರ್ಷದ ಕೂಸಿದ್ದಾಗ ತಾಯಿಯನ್ನು ಕಳೆದುಕೊಂಡವಳು. ಅವಳ ಹತ್ತಿರ ಇರುವುದು ಒಂದು ಮಸುಕು ಫೋಟೊ, ಅದರಲ್ಲೂ ದೇವಮ್ಮ ಕಣ್ಣು ಮುಚ್ಚಿದ್ದಾಳೆ.

"ಅವ್ವಂದು ಯಾವುದು, ತೋರ್ಸು," ಅಂದಳು.

ಅವಳ ಬೆರಳು ಹಿಡಿದು ಸೀಳಿನ ಈಚೆಗೊಮ್ಮೆ, ಆಚೆಯ ಆ ಗೇಣಗಲದ ಮೇಲೊಮ್ಮೆ ಇಟ್ಟೆ. ಮೊದಲು ನನ್ನ ಸಾಲು, ಆಮೇಲೆ ದೇವಮ್ಮನದು. ಮತ್ತೆ ನನ್ನದು, ಮತ್ತೆ ಅವಳದು. ನಾಲ್ಕನೇ ಸಲ ಸುಜಾತಾ ಕಣ್ಣು ಮುಚ್ಚಿ, ಬೆರಳಾಡಿಸಿ, ತಾನೇ ಹೇಳಿದಳು: "ಇದು ಅವ್ವ. ಇದು ನೀನು."

ಹೋದ ವಾರದವರೆಗೆ ದೇವಮ್ಮನ ಹೊಲಿಗೆಯನ್ನು ಗುರುತು ಹಿಡಿಯುವವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇದ್ದೆ. ಈಗ ಇಬ್ಬರಿದ್ದೇವೆ. ನಿಮ್ಮ ಮನೆಯಲ್ಲಿ ಹೋದವರ ಕೈಗುರುತು ಹಿಡಿಯುವವರು ಎಷ್ಟು ಮಂದಿ?