ದ್ರಾಕ್ಷಿಯ ನಾಲ್ಕನೇ ದಿನ

ಮೊನ್ನೆ ತಿಕೋಟಾ ಸಂತೆ ಹಾಯುವಾಗ, ದ್ರಾಕ್ಷಿ ಒಣಗಿಸುವ ಮೊದಲು ಹಚ್ಚುವ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ಪಾಯಸ ನೆನಪಾಗುತ್ತದೆ. ನನಗೆ ನನ್ನ ಅಪರಾಧ ನೆನಪಾಗುತ್ತದೆ. ಹೇಳಿಬಿಡುತ್ತೇನೆ, ತೀರ್ಪನ್ನು ಮಾತ್ರ ಸಾವಕಾಶ ಕೊಡಿ.

ಘೋಣಸಗಿಯ ಈರಪ್ಪಣ್ಣ ನನ್ನ ದೊಡ್ಡಪ್ಪನ ಮಗ. ನಲವತ್ತು ವರ್ಷ ದ್ರಾಕ್ಷಿ ಬೆಳೆದು, ಶೆಡ್ಡಿನ ಬಲೆಗಳ ಮೇಲೆ ಹರವಿ ಒಣಗಿಸಿದವನು. ಅವನ ಮಗ ಮಲ್ಲು ಚಿತ್ರಕಲೆ ಕಲಿತು, ಕುಂಚ ಬಿಟ್ಟು ಕ್ಯಾಮೆರಾ ಹಿಡಿದ. ಅವನ ವಿಷಯ ಕಾಲ. ಅದು ಸರಿಯುವ ಬಗೆಯನ್ನು ಚಲಿಸುವ ಚಿತ್ರದಲ್ಲಿ ಕಾಣಿಸಬೇಕಂತೆ. ಹಾಗಾಗಿ ಒಂದು ಬಲೆಯ ಮುಂದೆ ಕ್ಯಾಮೆರಾ ನಿಲ್ಲಿಸಿ, ಹಸಿ ಹಣ್ಣು ಒಣದ್ರಾಕ್ಷಿಯಾಗುವ ಹದಿನೈದು ದಿನವನ್ನೂ ಹಗಲು ರಾತ್ರಿ ಬಿಡದೆ ಹಿಡಿಯಲು ಹೊರಟ. ಬೇಗ ಓಡಿಸಿ ಐದು ನಿಮಿಷಕ್ಕೆ ಇಳಿಸಬಾರದೇ ಎಂದೆ.

“ಓಡಿಸಿದ್ರ ಅದು ಜಾಹೀರಾತು ಆಕೈತ್ರಿ, ಕಾಕಾ,” ಎಂದ.

ನಾನು ತಿಳಿದವನಂತೆ ತಲೆಯಾಡಿಸಿದೆ. ಶಾಲೆಯಲ್ಲಿ ನಾನು ಪೂರ್ತಿಯಾಗಿ ಕಲಿತ ವಿದ್ಯೆ ಅದೊಂದೇ.

“ಇದನ್ನ ಯಾರ್ ನೋಡ್ತಾರಲೇ? ನಾ ದಿನಾ ಪುಕ್ಕಟ ನೋಡ್ತೇನಿ,” ಎಂದು ಈರಪ್ಪಣ್ಣ ನಕ್ಕ. ಮಲ್ಲುವಿಗಿದ್ದದ್ದು ಒಂದೇ ಆಸೆ: ಅಪ್ಪ ಒಂದು ತಾಸು ತನ್ನ ಚಿತ್ರದ ಮುಂದೆ ಕೂಡಬೇಕು.

ನಾಲ್ಕನೇ ದಿನ ಮಲ್ಲು ಪ್ರದರ್ಶನಕ್ಕೆ ಜಾಗ ಹುಡುಕಲು ವಿಜಯಪುರಕ್ಕೆ ಹೋದ. ಮರುದಿನ ಬರುವವರೆಗೆ ಕ್ಯಾಮೆರಾದ ಕಾವಲು ನನ್ನದು. ಶೆಡ್ಡಿನಲ್ಲಿ ಇದ್ದದ್ದು ಒಂದೇ ಪ್ಲಗ್ಗು, ಮತ್ತು ಅದು ಮಾರ್ಚ್ ತಿಂಗಳು. ನಮ್ಮ ಕಡೆಯ ಮಾರ್ಚಿನ ಸೆಕೆಯನ್ನು ಬಲ್ಲವರು ಉಳಿದದ್ದನ್ನು ಊಹಿಸಬಲ್ಲರು. ಕಾಲಕ್ಕೂ ಗಾಳಿಗೂ ನಡೆದ ಆ ಹೋರಾಟದಲ್ಲಿ ಗಾಳಿ ಗೆದ್ದಿತು. ಕ್ಯಾಮೆರಾದ ವೈರು ಕಿತ್ತು ಫ್ಯಾನಿನದು ಚುಚ್ಚಿ ಮಲಗಿದೆ. ಒಂದು ದಿನದಲ್ಲಿ ದ್ರಾಕ್ಷಿ ಎಲ್ಲಿಗೆ ಓಡಿಹೋದೀತು? ಮರುದಿನ ಅವನು ಬರುವ ಮುನ್ನ ವೈರು ಮರಳಿ ಚುಚ್ಚಿ, ಹೇಳಿಕೊಟ್ಟಿದ್ದ ಗುಂಡಿ ಒತ್ತಿ, ನಿರಪರಾಧಿಯಾದೆ.

ಮಲ್ಲು ತುಣುಕುಗಳನ್ನು ಜೋಡಿಸಿದ. ಹದಿನೈದು ದಿನದ ಚಿತ್ರವನ್ನು ಪೂರ್ತಿ ನೋಡುವ ಪುರುಸೊತ್ತು ಅದನ್ನು ಮಾಡಿದವನಿಗೂ ಇರಲಿಲ್ಲ.

ಪ್ರದರ್ಶನ ಗೋಳಗುಮ್ಮಟದ ಸಮೀಪದ ಒಂದು ಹಳೆಯ ಸಭಾಗೃಹದಲ್ಲಿ. ಅದೂ ಹದಿನೈದು ದಿನ. ರಾತ್ರಿ ಬಾಗಿಲು ಹಾಕಿದರೂ ಒಳಗೆ ಚಿತ್ರ ಓಡುತ್ತಿತ್ತು. ಗುಮ್ಮಟ ಹತ್ತಿ ದಣಿದವರು ನೆರಳಿಗೆಂದು ಬರುತ್ತಿದ್ದರು. ಒಬ್ಬ ಹೆಣ್ಣುಮಗಳು ಪರದೆಯನ್ನು ದಿಟ್ಟಿಸಿ, “ಕಿಲೋ ಹೆಂಗ್ರಿ?” ಎಂದು ಕೇಳಿದಳು. ಅಲ್ಲಿಯವರೆಗೆ ಬಂದ ಗಂಭೀರ ವಿಮರ್ಶೆ ಅಷ್ಟೇ.

ಏಳನೇ ದಿನ ಈರಪ್ಪಣ್ಣ ಬಂದ. ಪರದೆಯ ಹತ್ತಿರ ಹೋಗಿ, ದ್ರಾಕ್ಷಿ ಹಿಚುಕಿ ನೋಡಲು ಎರಡು ಬೆರಳು ಚಾಚಿದ. ಬಟ್ಟೆ ತಾಕಿದೊಡನೆ ನಾಚಿ ಹಿಂದಕ್ಕೆ ತೆಗೆದುಕೊಂಡ.

“ಎಂಟನೇ ದಿನದ್ದು,” ಎಂದ.

“ಏಳನೇದು, ಯಪ್ಪಾ. ಇವತ್ತಿಗೆ ಏಳು.”

“ಎಂಟಲೇ! ಸುಕ್ಕು ನೋಡು. ಏಳಕ್ಕ ತೊಟ್ಟಿನ ಬುಡ ಇಷ್ಟು ಬಣ್ಣ ತಿರಗೂದಿಲ್ಲ.”

“ಮಷಿನ್ ಸುಳ್ಳ ಹೇಳ್ತೈತೇನು?”

“ಹಂಗಾರ ದ್ರಾಕ್ಷಿ ಹೇಳ್ತೈತೇನು?”

ನೆರಳಿಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಆ ಸಭಾಗೃಹದಲ್ಲಿ ಏನಾದರೂ ನಡೆದದ್ದು ಅದೇ ಮೊದಲು. ಈರಪ್ಪಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. “ಒಂದು ದಿನ ನುಂಗಿದ ಸಿನೆಮಾ ನಾ ನೋಡಂಗಿಲ್ಲ,” ಎಂದು ಬಾಗಿಲಿಗೆ ನಡೆದ. ಮಲ್ಲುವಿನ ಮೋರೆ ನನ್ನಿಂದ ನೋಡಲಾಗಲಿಲ್ಲ.

“ಈರಪ್ಪಣ್ಣಾ, ನಿಂದರು. ಆ ದಿನ ನುಂಗಿದಾಂವ ನಾ,” ಎಂದು ಫ್ಯಾನಿನ ಕಥೆ ಒಪ್ಪಿಸಿದೆ.

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಬರಲೇ ಇಲ್ಲ. ಮಲ್ಲು ನನ್ನನ್ನು ಬಿಟ್ಟು ಅಪ್ಪನನ್ನೇ ನೋಡುತ್ತಿದ್ದ.

“ಯಪ್ಪಾ, ಬರೇ ನೋಡಿದ್ದಕ್ಕ ಹೆಂಗ ಗೊತ್ತಾತು?”

“ಕೂಡ ಬಾ, ತೋರಸ್ತೇನಿ.”

ಈರಪ್ಪಣ್ಣ ಬೆಂಚಿನ ಮೇಲೆ ಕೂತು ಒಂದೊಂದೇ ಸುಕ್ಕನ್ನು ಮಗನಿಗೆ ಓದಿಸತೊಡಗಿದ. ಒಂದು ತಾಸು ನಾಲ್ಕಾಯಿತು. ಮರುದಿನವೂ ಬಂದ. “ನಾಳೆ ಖರೇ ಬಣ್ಣ ಬರ್ತೈತಿ,” ಎಂದು ಹೇಳಿ ಮೂರನೇ ದಿನವೂ ಬಂದ.

ಈಗ ಅದೇ ಚಿತ್ರ ಬಬಲೇಶ್ವರದಲ್ಲಿ ನಡೆದಿದೆ. ಕಳೆದುಹೋದ ದಿನವನ್ನು ಮಲ್ಲು ಮುಚ್ಚಿಡಲಿಲ್ಲ. ಅಷ್ಟು ಹೊತ್ತೂ ಪರದೆಯನ್ನು ಕಪ್ಪಾಗಿ ಬಿಟ್ಟಿದ್ದಾನೆ. ಇವತ್ತು ಆ ನಾಲ್ಕನೇ ದಿನ. ಕಾವಲಿಗೆ ನಾನು; ಅದು ಅಪ್ಪ ಮಗ ಕೂಡಿ ನನಗೆ ಕೊಟ್ಟ ಶಿಕ್ಷೆ. ಬೆಳಗಿನಿಂದ ಕೂತಿದ್ದೇನೆ. ಒಂದು ದಿನ ಎಷ್ಟು ಉದ್ದವೆಂದು ಈ ವಯಸ್ಸಿನಲ್ಲಿ ತಿಳಿಯುತ್ತಿದೆ.

ಈಗಷ್ಟೇ ಒಬ್ಬ ಒಳಗೆ ಬಂದು ಪರದೆ ನೋಡಿ, “ಕರೆಂಟ್ ಹೋಗೈತೇನ್ರಿ?” ಎಂದ.

“ಇಲ್ರಿ,” ಎಂದೆ, “ಇದು ನಾ ಮಾಡಿದ್ದು.”

ಅವನು ಚಪ್ಪಲಿ ಕಳಚಿ, ನನ್ನ ಪಕ್ಕಕ್ಕೆ ಕೂತ.